ಶನಿವಾರದ ಕಬ್ಬಿಣ

ಪುಣೆಯ ಕೊಂಢವಾ ಬಡಾವಣೆಯ ಆ ಫ್ಲ್ಯಾಟಿನಲ್ಲಿ ಒಂದು ಟ್ರೆಡ್‌ಮಿಲ್ ಇತ್ತು. ಅದರ ಮೇಲೆ ಯಾರಾದರೂ ಓಡಿದ್ದನ್ನು ಕಂಡವರಿಲ್ಲ. ಆದರೆ ಮಳೆಗಾಲದಲ್ಲಿ ಟವೆಲ್ ಒಣಹಾಕುವುದಕ್ಕೆ ಅಷ್ಟು ಅನುಕೂಲವಾದ ವಸ್ತು ಆ ಮನೆಯಲ್ಲಿ ಇನ್ನೊಂದಿರಲಿಲ್ಲ. ಅದರ ಪಕ್ಕದಲ್ಲಿ ಗಿಟಾರು. ಗಿಟಾರಿನ ಕೊರಳಿಗೆ ಅನ್ನಪೂರ್ಣಮ್ಮನವರ ಜಪಮಾಲೆ. ಬಾಲ್ಕನಿಯಲ್ಲಿ ಒಂದು ಟೆಲಿಸ್ಕೋಪು. ಮೊದಲ ದಿನ ಚಂದ್ರನನ್ನು ತೋರಿಸಿ, ಆಮೇಲೆ ಎದುರು ಬಿಲ್ಡಿಂಗಿನವರ ಅಡುಗೆಮನೆಯ ಕಡೆ ಮುಖ ಮಾಡಿಕೊಂಡು ಸುಮ್ಮನಾಗಿತ್ತು. ಎಲ್ಲವೂ ಕಿಟ್ಟಿ ತಂದದ್ದು, ಎಲ್ಲವೂ ಹೊಚ್ಚ ಹೊಸದು. ಎಷ್ಟೋ ವರ್ಷಗಳಿಂದ ಹೊಸದಾಗಿಯೇ ಇದ್ದವು ಎನ್ನುವುದು ಬೇರೆ ಮಾತು.

ಹಾಗಾಗಿ ಗುರುವಾರ ಸಂಜೆ ಕಾಫಿಯ ಹೊತ್ತಿನಲ್ಲಿ ಶಾಲಿನಿ, "ನಂಗೊಂದು ಗಾಲ್ಫ್ ಸೆಟ್ ಬೇಕು" ಎಂದಾಗ ಅವಳ ಗಂಡ ಕಿಟ್ಟಿಯ ಕಣ್ಣು ಹಬ್ಬದ ದೀಪದ ಹಾಗೆ ಹೊತ್ತಿಕೊಂಡಿತು. ಅವನ ತಾಯಿ ಅನ್ನಪೂರ್ಣಮ್ಮನವರ ಲೋಟ ತುಟಿಯ ಹತ್ತಿರವೇ ನಿಂತಿತು.

"ನೀನೂನಾ?" ಎಂದರು ಅನ್ನಪೂರ್ಣಮ್ಮ.

"ನಾಳೇನೇ ಹೋಗೋಣ," ಎಂದ ಕಿಟ್ಟಿ. "ತಗೊಂಡ್ರೆ ಬ್ರ್ಯಾಂಡ್ ನ್ಯೂ ತಗೋಬೇಕು. ಯಾವುದೇ ವಿದ್ಯೆ ಕಲಿಯೋವಾಗ ಸಲಕರಣೆ ಚೆನ್ನಾಗಿರ್ಬೇಕು."

"ಚೆನ್ನಾಗೇ ಇದೆಯಲ್ಲ," ಎಂದು ಶಾಲಿನಿ ಟ್ರೆಡ್‌ಮಿಲ್ಲಿನ ಮೇಲಿದ್ದ ಟವೆಲ್ಲುಗಳನ್ನು ನೋಡಿದಳು. "ಅದಕ್ಕೇ ಸೆಕೆಂಡ್ ಹ್ಯಾಂಡ್ ತಗೊಳ್ಳೋಣ ಅಂತಿದೀನಿ, ರೀ." ಅತ್ತೆಯ ಮುಂದೆ ಕಿಟ್ಟಿ 'ರೀ' ಆಗುತ್ತಿದ್ದ. ಲಿಫ್ಟಿನೊಳಗೆ ಕಾಲಿಟ್ಟ ತಕ್ಷಣ ಮತ್ತೆ ಕಿಟ್ಟಿ.

"ಯಾರೋ ಬೆವರು ಒರೆಸಿದ ಕೋಲು ಮನೆಗೆ ಬೇಡಮ್ಮ," ಎಂದರು ಅನ್ನಪೂರ್ಣಮ್ಮ. "ಹೊಸದೇ ತಗೊ. ನಾಳೆ ಶುಕ್ರವಾರ, ಒಳ್ಳೇದು. ಶನಿವಾರ ಮಾತ್ರ ಕಬ್ಬಿಣ ಹೊಸಿಲು ದಾಟಬಾರದು. ಈಗ್ಲೇ ಹೇಳಿದೀನಿ."

ಅಷ್ಟರಲ್ಲಿ ಟ್ರೆಡ್‌ಮಿಲ್ಲಿನ ಅಡಿಯಿಂದ ಒಂದು ಜಿರಳೆ ಹೊರಟು, ತಾನೂ ಈ ಚರ್ಚೆಯಲ್ಲಿ ಪಾಲುದಾರ ಎನ್ನುವಂತೆ ನಡುಮನೆಗೆ ಬಂತು. ಕಿಟ್ಟಿ ಎರಡೂ ಕಾಲು ಸೋಫಾದ ಮೇಲೆಳೆದುಕೊಂಡ. ಅನ್ನಪೂರ್ಣಮ್ಮ ಮಂಡಿನೋವು ಮರೆತು ಎದ್ದು ನಿಂತರು. ಶಾಲಿನಿ ಆಡುತ್ತಿದ್ದ ಮಾತು ನಿಲ್ಲಿಸದೆ, ಕಾಲಿನ ಚಪ್ಪಲಿ ತೆಗೆದು, ಪಕ್ಕಕ್ಕೆ ತಿರುಗಿ ಬೀಸಿದಳು. ಟಪ್. ಆ ಮನೆಯಲ್ಲಿ ಜಿರಳೆಗಳ ವಿಷಯ ಪೂರ್ತಿ ಅವಳ ಖಾತೆ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳ ಏಟಿಗೆ ಸಿಕ್ಕಿ ಎದ್ದು ಓಡಿದ ಜಿರಳೆ ಇರಲಿಲ್ಲ.

ಗಾಲ್ಫಿನ ಹುಚ್ಚು ಅವಳಿಗೆ ತಾನಾಗಿ ಹತ್ತಿದ್ದಲ್ಲ. ಯೆರವಡಾದ ಐಟಿ ಪಾರ್ಕಿನಲ್ಲಿ ಅವಳದೊಂದು ಟೆಸ್ಟಿಂಗ್ ತಂಡ. ಅಲ್ಲಿ ಸೋಮವಾರದ ಮೀಟಿಂಗಿಗೆ ತೀರ್ಮಾನಗಳು ಬಿಸಿಬಿಸಿಯಾಗಿ ಬರುತ್ತಿದ್ದವು. ಬೇಯಿಸಿದ್ದು ಮಾತ್ರ ಭಾನುವಾರ ಬೆಳಿಗ್ಗೆ, ಅಲ್ಲೇ ಹತ್ತಿರದ ಗಾಲ್ಫ್ ಮೈದಾನದಲ್ಲಿ. ಬಾಸ್ ಶ್ರೀಕಂಠಯ್ಯನವರು, ಫೈನಾನ್ಸಿನವರು, ಎಚ್‌ಆರ್‌ನವರು, ಇನ್ನೊಬ್ಬರು: ನಾಲ್ಕು ಜನ ಹುಲ್ಲಿನ ಮೇಲೆ ನಡೆಯುತ್ತ ನಡೆಯುತ್ತ ಇಡೀ ಆಫೀಸಿನ ಹಣೆಬರಹ ಬರೆದು ಮುಗಿಸುತ್ತಿದ್ದರು. ಈಗಿನ ಸುದ್ದಿಯೆಂದರೆ ಶಾಲಿನಿಯ ತಂಡವನ್ನು ಊರಿನ ಇನ್ನೊಂದು ತುದಿಗೆ, ಹಿಂಜವಡಿಯ ಹೊಸ ಕಟ್ಟಡಕ್ಕೆ ಸಾಗಿಸುವುದು. ಪುಣೆಯ ಟ್ರಾಫಿಕ್ಕಿನಲ್ಲಿ ಹಿಂಜವಡಿಗೆ ಹೋಗಿ ಬರುವವರು ಅರ್ಧ ಆಯುಸ್ಸನ್ನು ಬಸ್ಸಿನಲ್ಲೇ ಕಳೆಯುತ್ತಾರೆ. ತಂಡದ ಸೋನಾಲಿ ಮಗುವನ್ನು ಯೆರವಡಾದ ಬಾಲವಾಡಿಯಲ್ಲಿ ಬಿಟ್ಟು ಬರುವವಳು. "ಮ್ಯಾಡಮ್, ತುಮ್ಹೀ ಕಾಹೀ ತರೀ ಬೋಲಾ," ಏನಾದರೂ ಹೇಳಿ ಎಂದು ಅವಳು ಬೇಡಿಕೊಂಡಿದ್ದಳು. ಹೇಳಬಹುದಿತ್ತು. ಆದರೆ ಮೀಟಿಂಗಿನಲ್ಲಿ ಹೇಳಿದರೆ ಶ್ರೀಕಂಠಯ್ಯನವರು ಮೈಸೂರಿನ ಸೌಜನ್ಯದಿಂದ ತಲೆಯಾಡಿಸಿ, "ಅದು ಆಗ್ಲೇ ಸೆಟ್ಲ್ ಆಗ್ಹೋಯ್ತಲ್ಲಮ್ಮ" ಎನ್ನುತ್ತಿದ್ದರು. ಎಲ್ಲಿ ಸೆಟ್ಲ್ ಆಗುತ್ತದೋ ಅಲ್ಲಿರಬೇಕು.

ಅದೃಷ್ಟಕ್ಕೆ ಆ ನಾಲ್ಕನೆಯವರು ದುಬೈಗೆ ಹೋದರು. "ಒಂದು ಜಾಗ ಖಾಲಿ ಇದೆ ಕಣಮ್ಮ, ಆಡೋಕೆ ಬಂದ್ರೆ ಬಾ" ಎಂದು ಶ್ರೀಕಂಠಯ್ಯನವರು ಕ್ಯಾಂಟೀನಿನಲ್ಲಿ ತಮಾಷೆ ಮಾಡಿದರು. ಶಾಲಿನಿ ಅದು ತಮಾಷೆಯೆಂದೇ ತಿಳಿಯದವಳ ಹಾಗೆ, "ಥ್ಯಾಂಕ್ಸ್ ಸರ್, ಬರ್ತೀನಿ" ಎಂದಳು. ಆಡಿದ ಮಾತನ್ನು ನುಂಗುವಷ್ಟು ಒರಟರಲ್ಲ ಅವರು. ಚಪಾತಿ ಮಾತ್ರ ನುಂಗಿದರು.

ಆದರೆ ಮೈದಾನಕ್ಕೆ ಒಂದು ನಿಯಮವಿತ್ತು. ಹೊಸಬರ ಹೊಡೆತವನ್ನು ಅಲ್ಲಿಯ ಕೋಚ್ ನೋಡಿ ಸೈ ಅನ್ನಬೇಕು. ಆಮೇಲೆಯೇ ಒಳಗೆ ಆಟ. ಶಾಲಿನಿ ಕೆಲವು ವಾರಗಳಿಂದ ಅವರು ಬಾಡಿಗೆಗೆ ಕೊಡುವ ಕೋಲುಗಳಲ್ಲಿ ಕಲಿಯುತ್ತಿದ್ದಳು. ಚೆಂಡು ಒಂದೋ ಬಿದ್ದಲ್ಲೇ ಬಿದ್ದಿರುತ್ತಿತ್ತು, ಇಲ್ಲವೇ ಪಕ್ಕದಲ್ಲಿ ಅಭ್ಯಾಸ ಮಾಡುತ್ತಿದ್ದವರ ಕಾಲು ಹುಡುಕಿಕೊಂಡು ಹೋಗುತ್ತಿತ್ತು. ಕೋಚ್ ಒಂದು ದಿನ ಬೇಸತ್ತು, "ಲೆಫ್ಟೀ ಆಹಾತ್ ಕಾ ಮ್ಯಾಡಮ್?" ಎಂದು ಕೇಳಿದ್ದರು. ನೀವು ಎಡಚರೇ?

"ನಾಹೀ," ಎಂದಿದ್ದಳು ಶಾಲಿನಿ, ಒಂದು ಕ್ಷಣವೂ ಯೋಚಿಸದೆ.

ಅದು ಸುಳ್ಳಲ್ಲ. ಹುಟ್ಟಿದ್ದು ಎಡಚಿಯಾಗಿಯೇ. ಆದರೆ ಅರಸೀಕೆರೆಯ ಅವಳ ಅಜ್ಜಿ ಅದನ್ನು ಸಹಿಸುವವರಾಗಿರಲಿಲ್ಲ. ಬಳಪ ಎಡಗೈಗೆ ಹೋದರೆ ಬಲಗೈಗೆ ದಾಟಿಸುತ್ತಿದ್ದರು. ಎಡಗೈಯಲ್ಲಿ ಹಿಡಿದ ಚಕ್ಕುಲಿ ವಾಪಸ್ಸು ಡಬ್ಬಿಗೆ. "ಎಡಗೈ ಅಂದ್ರೆ ಮನೆಗೆ ಬಂದ ನೆಂಟ ಇದ್ದಹಾಗೆ, ಸುಮ್ಮನೆ ಕೂತಿರ್ಬೇಕು" ಎನ್ನುವುದು ಅವರ ಸಿದ್ಧಾಂತ. ಮೂರನೆಯ ತರಗತಿಯ ಹೊತ್ತಿಗೆ ಶಾಲಿನಿ ಊಟಕ್ಕೆ, ಬರವಣಿಗೆಗೆ, ಮಂಗಳಾರತಿಗೆ, ಕೊಡಲು, ಕೊಳ್ಳಲು ಎಲ್ಲಕ್ಕೂ ಬಲಗೈಯವಳು. ವಾಸಿಯಾಗಿ ಹೋದ ಕಾಯಿಲೆಯನ್ನು ಯಾರು ಹೇಳಿಕೊಳ್ಳುತ್ತಾರೆ? ಕಿಟ್ಟಿಗೇ ಗೊತ್ತಿರಲಿಲ್ಲ. ಅವಳಿಗೂ ಹೆಚ್ಚುಕಡಿಮೆ ಮರೆತೇ ಹೋಗಿತ್ತು.

ಕೋಚ್ ಕೊನೆಗೆ ತಪ್ಪನ್ನು ಬಾಡಿಗೆ ಕೋಲುಗಳ ಮೇಲೆ ಹಾಕಿ, "ಸ್ವಂತ ಸೆಟ್ ತಂದುಬಿಡಿ, ಈ ಭಾನುವಾರ ನೋಡೋಣ. ದೂರ ಹೋಗದಿದ್ದರೂ ಚಿಂತೆಯಿಲ್ಲ, ಚೆಂಡು ಎದ್ದು ನೇರ ಹೋದರೆ ಸಾಕು" ಎಂದಿದ್ದರು. ಹಿಂಜವಡಿಯ ವಿಷಯ ತೀರ್ಮಾನವಾಗುವುದೂ ಅದೇ ಭಾನುವಾರ.

ಶುಕ್ರವಾರ ಸಂಜೆ ಕಿಟ್ಟಿ ಅವಳನ್ನು ಒಂದು ಹೊಳೆಯುವ ಮಾಲಿನ ಹೊಳೆಯುವ ಅಂಗಡಿಗೆ ಕರೆದುಕೊಂಡು ಹೋದ. ಅಲ್ಲಿ ಕೋಲುಗಳು ಒಡವೆಯಂಗಡಿಯ ಸರಗಳ ಹಾಗೆ ದೀಪದ ಕೆಳಗೆ ಮಲಗಿದ್ದವು. ಸೇಲ್ಸ್‌ಮನ್ ಮದುವೆ ಗಂಡಿನಷ್ಟು ನೀಟಾಗಿದ್ದ. "ರೈಟ್ ಹ್ಯಾಂಡೆಡ್, ಮ್ಯಾಮ್?" ಎಂದ. "ಯೆಸ್" ಎಂದಳು ಶಾಲಿನಿ. ಗೋಡೆಯಗಲದ ಪರದೆಯೊಂದರ ಮುಂದೆ ನಿಲ್ಲಿಸಿ ಹೊಡೆಯಲು ಹೇಳಿದರು. ಪರದೆಯ ಮೇಲಿನ ಚೆಂಡು ಹುಲ್ಲು ಬಿಟ್ಟು, ಮರ ಬಿಟ್ಟು, ಹುಡುಕಿಕೊಂಡು ಹೋಗಿ ಕೆರೆಗೆ ಬಿತ್ತು. ಇನ್ನೊಂದೂ ಅಲ್ಲಿಗೇ ಹೋಯಿತು.

"ನೋ ಪ್ರಾಬ್ಲಮ್ ಮ್ಯಾಮ್, ಈ ಸೆಟ್ ತುಂಬಾ ಫರ್ಗಿವಿಂಗ್. ನೀವು ಎಷ್ಟೇ ತಪ್ಪು ಮಾಡಿದರೂ ಇದು ಕ್ಷಮಿಸುತ್ತದೆ," ಎಂದ ಹುಡುಗ.

ಕ್ಷಮಿಸುವ ವಸ್ತು ಮನೆಯಲ್ಲೊಂದು ಇದ್ದರೆ ಒಳ್ಳೆಯದೇ ಎಂದು ಶಾಲಿನಿಗೂ ಅನ್ನಿಸಿತು. ಕಿಟ್ಟಿ ಆಗಲೇ ಕಾರ್ಡು ತೆಗೆದು, ಪರೀಕ್ಷೆಯಲ್ಲಿ ಉತ್ತರ ಗೊತ್ತಿರುವ ಹುಡುಗನ ಹಾಗೆ ಕೈ ಮುಂದೆ ಚಾಚಿದ್ದ. ಅವಳಿಗೆ ಟ್ರೆಡ್‌ಮಿಲ್ಲಿನ ಪಕ್ಕದ ಖಾಲಿ ಮೂಲೆ ಕಣ್ಣ ಮುಂದೆ ಬಂತು. ಕೋಲುಗಳ ಚೀಲ ಅಲ್ಲಿ ಸರಿಯಾಗಿ ಹಿಡಿಸುತ್ತದೆ. ಛತ್ರಿ ಇಡಬಹುದು.

"ನಾಳೆ ಹೇಳ್ತೀನಿ," ಎಂದಳು.

"ನಾಳೆ ಶನಿವಾರ," ಎಂದ ಕಿಟ್ಟಿ ಕಾರಿನಲ್ಲಿ. "ಅಮ್ಮ ಬಿಡಲ್ಲ. ನಾಡಿದ್ದು ಬೆಳಿಗ್ಗೆ ನಿನ್ ಟೆಸ್ಟು. ಏನಾಗಿದೆ ನಿಂಗೆ?"

"ಕಿಟ್ಟಿ, ನನ್ನ ಕೈಗೆ ಬರುತ್ತೋ ಇಲ್ವೋ ಗೊತ್ತಿಲ್ಲದ್ದಕ್ಕೆ ಹೊಸದ್ಯಾಕೆ? ಹಳೇದಾದ್ರೆ ಕೈ ಕೊಟ್ರೂ ಬೇಜಾರಿಲ್ಲ."

"ಹಂಗಾದ್ರೆ ನನ್ನ ಗಿಟಾರು..."

"ಅದರ ಸುದ್ದಿ ತೆಗೀಬೇಡ."

ಮರುದಿನ ಬೆಳಿಗ್ಗೆ ಅವಳೊಬ್ಬಳೇ ಕಾರು ತೆಗೆದುಕೊಂಡು, ಹಳೆಯ ದಂಡುಪ್ರದೇಶವಾದ ಕ್ಯಾಂಪಿಗೆ ಹೋದಳು. ಅಲ್ಲಿಯ ಒಂದು ಓಣಿಯಲ್ಲಿ ಹಳೆಯ ಬಂಗಲೆಗಳಿಂದ, ವರ್ಗವಾಗಿ ಹೋಗುವ ಮಿಲಿಟರಿ ಸಾಹೇಬರ ಮನೆಗಳಿಂದ ಹೊರಬಿದ್ದ ಸಾಮಾನುಗಳ ಅಂಗಡಿಗಳಿದ್ದವು. ಒಂದು ಅಂಗಡಿಯ ಒಳಗಿಂದ, ಬೀರುಗಳ, ಕುರ್ಚಿಗಳ, ಗಡಿಯಾರಗಳ ಸಂದಿನಿಂದ, ಕನ್ನಡ ಕೇಳಿಸಿತು.

"ಏ ತಿಪ್ಪವ್ವ, ಡಬ್ಬ್ಯಾಗ ಬರೇ ರೊಟ್ಟಿ ಇಟ್ಟೀದಿ, ಪಲ್ಯಾ ಎಲ್ಲದ? ಅದೇನು ಹಿಂದಿನಿಂದ ನಡಕೋತ ಬರ್ತದೇನು?"

ಹೆಂಡತಿಯ ಜೊತೆಗಿನ ಮಾತು ಮುಗಿಸಿ, ಫೋನು ಕೆಳಗಿಟ್ಟು ಹೊರಬಂದವನು ಅಂಗಡಿಯ ಮಾಲೀಕ ಹುಲಿಗೆಪ್ಪ. ಕಲಬುರ್ಗಿ ಕಡೆಯವನು, ಹೊಟ್ಟೆಯ ಮೇಲೆ ಸಫಾರಿ ಅಂಗಿಯ ಗುಂಡಿಗಳು ಜೀವ ಹಿಡಿದುಕೊಂಡಿದ್ದವು. ಶಾಲಿನಿ ತನ್ನ ಮುರುಕು ಮರಾಠಿಯನ್ನು ಬ್ಯಾಗಿನೊಳಗೇ ಬಿಟ್ಟು, "ಗಾಲ್ಫ್ ಸೆಟ್ ಇದೆಯಾ?" ಎಂದಳು.

"ಅಯ್ಯ, ನಮ್ಮವ್ರು! ಬರ್ರಿ ಅಕ್ಕಾರ, ಕೂಡ್ರಿ. 'ಇದೆಯಾ' ಅಂದ್ರಿ, ಬೆಂಗ್ಳೂರ್ ಕಡೆಯವ್ರು ಇರ್ಬೇಕು. ಅದ, ಒಂದು ಸೆಟ್ ಅದ. ಆದ್ರ ಮೊದ್ಲೇ ಹೇಳ್ತೀನಿ, ಅದ್ಕ ಐಬು ಅದ."

"ಏನು ಐಬು?"

"ಅದೇ ತಿಳ್ದಿಲ್ರಿ. ಒಬ್ಬ ಸಾಹೇಬ್ರು ಊರು ಬಿಡೋ ಮುಂದ ಕೊಟ್ಟು ಹೋದ್ರು. ಆಮ್ಯಾಲ ಯಾರು ಒಯ್ದ್ರೂ ಮರುದಿನ ವಾಪಸ್. ಒಬ್ಬಾಕಿ ಗಂಡನ ಬರ್ತ್‌ಡೇಕ್ಕ ಅಂತ ಒಯ್ದ್ಲು. ಮುಂಜಾನಿ ಗಂಡ ಹೆಂಡ್ತಿ ಇಬ್ರೂ ಮಾರಿ ಗಂಟು ಹಾಕ್ಕೊಂಡು ಬಂದು ಒಗದು ಹೋದ್ರು. ಏನಾತ್ರೀ ಅಂದ್ರ ಇಂಗ್ಲಿಷ್‌ನಾಗ ಬೈದ್ರು. ನನಗ ಇಂಗ್ಲಿಷ್ ಬರಂಗಿಲ್ಲ, ಬೈಗುಳ ಅಂಬೋದಷ್ಟೇ ತಿಳೀತದ."

"ಮತ್ತೆ ಯಾಕೆ ಇಟ್ಕೊಂಡಿದೀರಿ?"

"ಉಪಯೋಗಕ್ಕ ಬರ್ತಾವಲ್ರಿ!"

ನಿಜ. ಒಂದು ಕೋಲು ಶಟರ್ ಎಳೆಯಲು ಬಾಗಿಲ ಪಕ್ಕದಲ್ಲಿ ನಿಂತಿತ್ತು. ಒಂದು ಪರದೆಯನ್ನು ಹೊತ್ತಿತ್ತು. ಇನ್ನೊಂದು ಮೇಲಿನ ಹಲಗೆಯಿಂದ ಲಾಂದ್ರ ಇಳಿಸುವ ಕೆಲಸದಲ್ಲಿತ್ತು, ಮತ್ತೊಂದು ನಾಯಿಗಳ ಮೇಲ್ವಿಚಾರಣೆಯಲ್ಲಿ. ಎಲ್ಲವನ್ನೂ ಒಂದೊಂದಾಗಿ ಅವುಗಳ ನೌಕರಿಯಿಂದ ಬಿಡಿಸಿ ತಂದು ಹುಲಿಗೆಪ್ಪ ಚೀಲಕ್ಕೆ ತುಂಬಿದ.

ಶಾಲಿನಿ ಶಟರಿನ ಕೋಲು ತೆಗೆದುಕೊಂಡು, ಕೋಚ್ ಹೇಳಿಕೊಟ್ಟ ಹಾಗೆ ಕಾಲು ಅಗಲಿಸಿ ನಿಂತಳು. ಏನೋ ಸರಿಯಿಲ್ಲ. ಚೆಂಡಿಗೆ ತಾಗಬೇಕಾದ ಚಪ್ಪಟೆ ಮುಖ ಹಿಂದಕ್ಕೆ ತಿರುಗಿತ್ತು; ಮುಂದೆ ಬರೀ ಬೆನ್ನು.

"ನೋಡ್ರಿ, ನಾ ಹೇಳಿಲ್ಲೇನು," ಎಂದ ಹುಲಿಗೆಪ್ಪ, ತನ್ನ ಸರಕಿನ ದೋಷ ಸಾಬೀತಾದ ಸಂತೋಷದಿಂದ. "ಮಾರೀನೇ ಹಿಂದ್ ಅದ."

ಹೊಸಿಲಿನಾಚೆ ರಸ್ತೆಯ ಅಂಚಿನಲ್ಲಿ, ಆ ಬೆಳಿಗ್ಗೆಯಷ್ಟೇ ಬಾಗಿಲಿನಿಂದ ಬಿಚ್ಚಿ ಎಸೆದಿದ್ದ ದೃಷ್ಟಿಯ ನಿಂಬೆಹಣ್ಣು ಬಿದ್ದಿತ್ತು. ವಾರವಿಡೀ ನೇತಾಡಿ ಒಣಗಿ, ಹಸಿಮೆಣಸಿನಕಾಯಿಗಳ ಬಾಲದ ಸಮೇತ ಕಲ್ಲಾಗಿತ್ತು. ಪುಣೆಯಲ್ಲಿ ಅದನ್ನು ಯಾರೂ ತುಳಿಯುವುದಿಲ್ಲ, ಸ್ಕೂಟರಿನವರೂ ಬಳಸಿಕೊಂಡು ಹೋಗುತ್ತಾರೆ. ಶಾಲಿನಿಗೆ ಅದು ಕಣ್ಣಿಗೆ ಬಿದ್ದದ್ದು ಚೆಂಡಾಗಿ. ಮುಖ ಹಿಂದಿದ್ದರೆ ತಾನೇ ಆ ಕಡೆಗೆ ಹೋಗಿ ನಿಂತರಾಯಿತಲ್ಲ ಎಂದು ನಿಂಬೆಹಣ್ಣಿನ ಇನ್ನೊಂದು ಮಗ್ಗುಲಿಗೆ ಹೋದಳು. ಕೈಗಳು ಹಿಡಿಯಲ್ಲಿ ತಾವೇ ಜಾಗ ಬದಲಿಸಿಕೊಂಡವು, ಯಾರನ್ನೂ ಕೇಳಲಿಲ್ಲ. ಭುಜ ಹಗುರಾಯಿತು. ಅವಳು ಬೀಸಿದಳು.

ಟಪ್. ಬಹಳ ಪರಿಚಿತವಾದ ಸದ್ದು.

ನಿಂಬೆಹಣ್ಣು ಮೆಣಸಿನಕಾಯಿಯ ಬಾಲ ಹಾರಿಸುತ್ತ ಧೂಮಕೇತುವಿನ ಹಾಗೆ ಎದ್ದು, ಒಂದು ಆಟೋದ ಮೇಲಿಂದ ಹಾದು, ಎದುರು ಅಂಗಡಿಯ ತಗಡಿನ ಮೇಲೆ 'ಠಣ್' ಎಂದು ಇಳಿಯಿತು.

"ಅಯ್ಯಯ್ಯೋ! ಅದನ್ನ ಮುಟ್ಟಬಾರ್ದ್ರೀ ಅಕ್ಕಾರ!" ಎಂದು ಹುಲಿಗೆಪ್ಪ ಕೆನ್ನೆ ಕೆನ್ನೆ ಬಡಿದುಕೊಂಡ. ಆಮೇಲೆ ಕತ್ತು ಉದ್ದ ಮಾಡಿ ನೋಡಿದ. "ಎಲ್ಲಿ ಬಿತ್ತು? ಬಾಬೂನ ದುಕಾನದ ಮ್ಯಾಲೇನು?" ಅವನ ಮುಖದಲ್ಲಿ ನಿಧಾನಕ್ಕೆ ಸೂರ್ಯ ಮೂಡಿದ. ಬಾಬುವಿನದೂ ಹಳೇ ಸಾಮಾನಿನದೇ ವ್ಯಾಪಾರ. "ನಮ್ಮ ವಾರದ ದೃಷ್ಟಿ ಎಲ್ಲಾ ಅವನ ತಲಿ ಮ್ಯಾಲ!"

ಬಾಬು ಹೊರಗೆ ಬಂದು ತಗಡಿನ ಕಡೆ ನೋಡಿ, "ಕಾಯ್ ಝಾಲಂ ರೇ?" ಏನಾಯ್ತೋ ಎಂದು ಕೂಗಿದ.

"ಕಾವಳಾ, ಕಾವಳಾ!" ಎಂದು ಹುಲಿಗೆಪ್ಪ ಆಕಾಶ ತೋರಿಸುತ್ತ, ತಪ್ಪನ್ನು ಕಾಗೆಯ ಮೇಲೆ ಹಾಕಿದ. ಬಾಬು ಒಳಗೆ ಹೋದ ಮೇಲೆ ದನಿ ತಗ್ಗಿಸಿ, "ಅಲ್ಲಿ ಮೋರಿ ಬಾಜೂಕ ಹ್ವಾದ ವಾರದ್ದೂ ಒಂದು ಬಿದ್ದದ್ರಿ. ಹೊಡೀತೀರೇನು?" ಎಂದ.

ಶಾಲಿನಿ ಹೊಡೆದಳು. ಅದೂ ಹೋಯಿತು. ಅವಳಿಗೆ ನಗು ತಡೆಯಲಾಗಲಿಲ್ಲ. ಓಣಿಯ ಮಧ್ಯೆ ಕೋಲು ಹಿಡಿದು, ಅರಸೀಕೆರೆಯ ಹಿತ್ತಿಲಲ್ಲಿ ಸೀಬೆಕಾಯಿಗೆ ಕಲ್ಲು ಬೀಸುತ್ತಿದ್ದ ಹುಡುಗಿಯ ಹಾಗೆ ನಕ್ಕಳು. "ಇದಕ್ಕೆ ಐಬು ಗೀಬು ಏನಿಲ್ಲ. ಇದು ಎಡಚರ ಸೆಟ್ಟು. ನಾನು ಎಡಚಿ!"

ಹಾಗೆ ಗಟ್ಟಿಯಾಗಿ ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲು.

ಹುಲಿಗೆಪ್ಪ ಯೋಚನೆಗೆ ಬಿದ್ದ. "ಐಬಿಲ್ಲ ಅಂದ್ರ..." ಎಂದು ಗಲ್ಲ ತುರಿಸಿಕೊಂಡ. "ರೇಟು ಬ್ಯಾರೇನೇ ಆಗ್ತದಲ್ರಿ."

"ಐಬು ಇದೆ ಅಂತ ನೀವೇ ಹೇಳಿದ್ದು."

"ಆಗ ನನಗ ಗೊತ್ತಿರ್ಲಿಲ್ರಿ."

"ಹಾಗಾದ್ರೆ ನಿಮ್ಮ ಶಟರ್ ಎಳೀತಾ ಇರಿ," ಎಂದು ಶಾಲಿನಿ ಕೋಲನ್ನು ಬಾಗಿಲಿಗೆ ಒರಗಿಸಿದಳು.

"ಅಯ್ಯ, ಸಿಟ್ಟಿಗೇಳ್ತೀರಲ್ರಿ! ನಮ್ಮವ್ರು ನೀವು. ತಗೋರಿ, ಒಯ್ರಿ. ಬಾಬೂನ ತಗಡಿಗಿ ಬಡದಿದ್ದು ನನ್ನ ಕಡಿಂದ ಕಮಿಷನ್ ಅಂತ ತಿಳ್ಕೋತೀನಿ."

ಮನೆಗೆ ಬಂದಾಗ ಕೆಳಗೆ ಪಾರ್ಕಿಂಗಿನಲ್ಲೇ ಅನ್ನಪೂರ್ಣಮ್ಮ ಕಾಯುತ್ತಿದ್ದರು, ಅವರ ಹಿಂದೆ ಕಿಟ್ಟಿ. ಸೆಟ್ ಕೊಂಡೆ ಎಂದು ಶಾಲಿನಿ ಫೋನಿನಲ್ಲಿ ಹೇಳಿದ್ದನ್ನು ಅವನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವನಲ್ಲ.

"ಶನಿವಾರ. ಕಬ್ಬಿಣ. ಅದೂ ಹಳೇದು," ಎಂದರು ಅವರು, ಅಪರಾಧಿಗೆ ಆರೋಪ ಓದಿ ಹೇಳುವವರ ಹಾಗೆ.

"ನಾಳೆ ಬೆಳಿಗ್ಗೆ ಬೇಕಲ್ಲ ಅತ್ತೆ. ಇದರಲ್ಲಿ ನಂಗೆ ಬರ್ತಿದೆ. ನಾನು..." ಶಾಲಿನಿ ತಡೆದಳು. "ನಾನು ಎಡಗೈಯವಳು. ಚಿಕ್ಕವಳಿದ್ದಾಗ ಬಿಡಿಸಿದ್ರು."

ಕಿಟ್ಟಿ ಬಾಯಿ ತೆರೆದ. ಅನ್ನಪೂರ್ಣಮ್ಮ ಮಾತ್ರ ರೆಪ್ಪೆ ಆಡಿಸಲಿಲ್ಲ. "ನಂಗೊತ್ತು."

"ಗೊತ್ತಾ?"

"ಜಿರಳೆ ಹೊಡೆಯೋದು ನೋಡಿಲ್ವ? ಯಾವಾಗಲೂ ಎಡಗೈ. ಹೇಳಿದ್ರೆ ನಿಲ್ಲಿಸಿಬಿಡ್ತೀಯ ಅಂತ ಸುಮ್ನಿದ್ದೆ. ಈ ಮನೇಲಿ ಇನ್ಯಾರಿಗೆ ಆ ಧೈರ್ಯ ಇದೆ?" ಎಂದು ಮಗನನ್ನು ಒಮ್ಮೆ ನೋಡಿದರು. ಆಮೇಲೆ ಕಾರಿನ ಹಿಂಭಾಗವನ್ನು ಬಹಳ ಹೊತ್ತು ಪರೀಕ್ಷಿಸಿದರು. "ಡಿಕ್ಕಿ ಮನೆ ಅಲ್ಲ," ಎಂದು ತೀರ್ಪು ಕೊಟ್ಟರು. "ಡಿಕ್ಕಿಗೆ ಹೊಸಿಲಿಲ್ಲ. ನಾಳೆವರೆಗೆ ಅಲ್ಲಿರಲಿ."

ಭಾನುವಾರ ಬೆಳಗಾಗುವಷ್ಟರಲ್ಲಿ ಅವರು ಸ್ನಾನ ಮಾಡಿ, ತಟ್ಟೆ ಹಿಡಿದು ಕೆಳಗಿಳಿದಿದ್ದರು. ಆಯುಧಪೂಜೆ ಇನ್ನೂ ದೂರವಿತ್ತು. ಆದರೆ ಯಾರೋ ಬಳಸಿದ ಆಯುಧಕ್ಕೆ ಮುಂಗಡ ಪೂಜೆ ತಪ್ಪಲ್ಲ ಎಂದು ಅವರೇ ಶಾಸ್ತ್ರ ಮಾಡಿಕೊಂಡಿದ್ದರು. ಪ್ರತಿಯೊಂದು ಕೋಲಿನ ಮುಖಕ್ಕೂ ಅರಿಶಿನದ ನೀರು, ಕುಂಕುಮದ ದೊಡ್ಡ ಬೊಟ್ಟು. ವಾಚ್‌ಮನ್ ಕೈಮುಗಿದು ನಿಂತ. ಕೊನೆಗೆ ಅವರು ತಟ್ಟೆಯಿಂದ ಒಂದು ನಿಂಬೆಹಣ್ಣು ತೆಗೆದು ಚಕ್ರದ ಮುಂದೆ ಇಟ್ಟಾಗ, ಶಾಲಿನಿ ಅದನ್ನು ಎಂದೂ ನೋಡದ ಆಸೆಯಿಂದ ನೋಡಿದಳು.

"ಅದನ್ನ ಮುಟ್ಟಬೇಡ," ಎಂದ ಕಿಟ್ಟಿ.

ಮೈದಾನದಲ್ಲಿ ಕೋಚ್ ಕುಂಕುಮದ ಕೋಲು ನೋಡಿದರು, ಅವಳು ನಿಂತ ಮಗ್ಗುಲನ್ನು ನೋಡಿದರು. "ಲೆಫ್ಟೀ ನಾಹೀ ಮ್ಹಣಾಲಾ ಹೋತಾತ್," ಅಲ್ಲ ಅಂದಿದ್ದಿರಲ್ಲ ಎಂದರು.

"ನಿನ್ನೆವರೆಗೆ ಆಗಿರಲಿಲ್ಲ ಸರ್," ಎಂದಳು ತನ್ನ ಮರಾಠಿಯಲ್ಲಿ.

ದೂರದಲ್ಲಿ ಶ್ರೀಕಂಠಯ್ಯನವರ ಗುಂಪು ಟೋಪಿ ಹಾಕಿಕೊಂಡು ಹೊರಡಲು ಸಿದ್ಧವಾಗಿತ್ತು. ಅವರನ್ನು ಕಂಡು ಶಾಲಿನಿಯ ಭುಜ ಬಿಗಿಯಿತು. ಮೊದಲ ಹೊಡೆತಕ್ಕೆ ಮಣ್ಣು ಹಾರಿತು, ಚೆಂಡು ಅಲ್ಲೇ ಇತ್ತು. ಫೈನಾನ್ಸಿನವರು ಕೈಗಡಿಯಾರ ನೋಡಿಕೊಂಡರು. ಎರಡನೆಯದಕ್ಕೂ ಅಷ್ಟೇ. ಬಲಗೈ ಎಲ್ಲದಕ್ಕೂ ತಾನೇ ಮುಂದಾಗಿ ಬರುತ್ತಿತ್ತು, ಅಜ್ಜಿ ಕಲಿಸಿದ ಹಾಗೆ. ಸೋನಾಲಿಯ ಮಗುವಿನ ನೆನಪಾಯಿತು. ಶಾಲಿನಿ ಒಮ್ಮೆ ಕಣ್ಣು ಮುಚ್ಚಿ, ತಮ್ಮ ಮನೆಯ ನಡುಮನೆಯನ್ನು ನೆನೆಸಿಕೊಂಡಳು. ಟ್ರೆಡ್‌ಮಿಲ್ಲಿನ ಅಡಿಯಿಂದ ಏನೋ ಸರಸರ ಹೊರಟಿತು. ಕಿಟ್ಟಿ ಕಾಲು ಮೇಲೆತ್ತಿದ.

ಟಪ್.

ಚೆಂಡು ಎದ್ದಿತು. ಹುಣಸೆಮರದ ಎತ್ತರ ದಾಟಿ, ನೇರವಾಗಿ, ಯಾರ ಕಾಲನ್ನೂ ಹುಡುಕದೆ ಹೋಯಿತು. ಅದರ ಹಿಂದೆಯೇ ಇನ್ನೊಂದು. ಮತ್ತೊಂದು. ಕೋಚ್ ಚೆಂಡನ್ನು ನೋಡುವುದು ಬಿಟ್ಟು ಅವಳ ಮುಖ ನೋಡಿ, "ಜಾ," ಎಂದರು. ಹೋಗಿ.

ಆ ದಿನ ಅವಳು ಆಟ ಗೆದ್ದಳೇ ಎಂದರೆ, ಇಲ್ಲ. ಆಟದಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದಳು. ಆದರೆ ಅವಳ ಚೆಂಡು ಮಾತ್ರ ಒಮ್ಮೆಯೂ ಕಳೆದುಹೋಗಲಿಲ್ಲ, ಏಕೆಂದರೆ ಹೊಡೆತ ಬಿದ್ದ ಕಡೆ ಅದಕ್ಕೆ ಕುಂಕುಮ ಹತ್ತಿ, ಹುಲ್ಲಿನಲ್ಲಿ ಮುತ್ತೈದೆಯ ಹಾಗೆ ಹೊಳೆಯುತ್ತಿತ್ತು. ಕಳೆದದ್ದು ಶ್ರೀಕಂಠಯ್ಯನವರ ಚೆಂಡು. ಅದು ಪೊದೆಗೆ ಹೋಯಿತು. ಸೌಜನ್ಯಕ್ಕೆ ಶಾಲಿನಿಯೂ ಅವರ ಜೊತೆ ಹುಡುಕಲು ಹೋದಳು. ಪೊದೆಯೊಳಗೆ ಬಗ್ಗಿ ನಿಂತ ಬಾಸಿಗೆ ಎದ್ದು ಹೋಗಲು ಮೀಟಿಂಗೂ ಇಲ್ಲ, ನೋಡಲು ಫೋನೂ ಇಲ್ಲ.

"ಹಿಂಜವಡಿ ವಿಷಯ ಸರ್," ಎಂದು ಶುರು ಮಾಡಿದಳು ಕೊಂಬೆ ಸರಿಸುತ್ತ. ಸೋನಾಲಿಯ ಬಾಲವಾಡಿ ಹೇಳಿದಳು, ಬಸ್ಸು ಹೇಳಿದಳು, ತಂಡದಲ್ಲಿ ಯಾರು ಯಾರು ಬೇರೆ ಕೆಲಸ ಹುಡುಕುತ್ತಿದ್ದಾರೆ ಎನ್ನುವುದನ್ನೂ ಹೇಳಿದಳು.

"ಇದನ್ನೆಲ್ಲ ಮೊದಲೇ ಯಾಕೆ ಹೇಳ್ಲಿಲ್ಲ?"

"ಮೊದ್ಲು ಹೇಳೋ ಜಾಗಕ್ಕೆ ಬರೋಕೆ ನಂಗೆ ಪರ್ಮಿಷನ್ ಇರ್ಲಿಲ್ಲ ಸರ್. ಇವತ್ತು ಸಿಕ್ತು."

ಶ್ರೀಕಂಠಯ್ಯನವರು ಸೊಂಟ ಹಿಡಿದುಕೊಂಡು ನೆಟ್ಟಗಾದರು. ಆಮೇಲೆ ಹುಲ್ಲಿನಾಚೆ ನಿಂತಿದ್ದ ಇನ್ನಿಬ್ಬರ ಕಡೆ ತಿರುಗಿ, "ಏನ್ರಪ್ಪ, ಟೆಸ್ಟಿಂಗ್‌ನವರು ಯೆರವಡಾದಲ್ಲೇ ಇರಲಿ. ಸೆಟ್ಲ್ ಆಯ್ತು" ಎಂದು ಕೂಗಿದರು.

ಅವರ ಚೆಂಡು ಸಿಗಲೇ ಇಲ್ಲ. ಸಿಗಬೇಕೆಂದು ಶಾಲಿನಿ ಅಷ್ಟೇನೂ ಪ್ರಯತ್ನಪಟ್ಟಿರಲೂ ಇಲ್ಲ.

ಮಧ್ಯಾಹ್ನ ಅವಳು ಚೀಲ ಹೆಗಲಿಗೇರಿಸಿಕೊಂಡು ಲಿಫ್ಟಿನಿಂದ ಹೊರಬಂದಾಗ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಹಯಗ್ರೀವದ ಪರಿಮಳ. ಟ್ರೆಡ್‌ಮಿಲ್ಲಿನ ಪಕ್ಕದ ಮೂಲೆಯನ್ನು ಕಿಟ್ಟಿ ಗುಡಿಸಿ ಸಿದ್ಧ ಮಾಡಿದ್ದ. "ಇಲ್ಲಿ ಇಡು," ಎಂದ. "ಅಂದ ಹಾಗೆ ಶಾಲು, ನಾನೂ ಗಾಲ್ಫ್ ಕಲಿತರೆ ಹೇಗೆ? ನನಗೆ ಆ ಹೊಸ ಸೆಟ್ಟು..."

"ಡಿಕ್ಕೀಲೇ ಇರುತ್ತೆ ಇದು," ಎಂದಳು ಶಾಲಿನಿ. "ಮುಂದಿನ ವಾರವೂ ಆಟ ಇದೆ."

"ಇರು, ಇವತ್ತೊಂದು ಸಲ ಒಳಗೆ ಬರಲಿ, ಭಾನುವಾರ," ಎಂದು ಅನ್ನಪೂರ್ಣಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಬಂದು ಹೊಸಿಲಿನ ಒಳಬದಿಯಲ್ಲಿ ನಿಂತರು. ಸೊಸೆಯ ಎಡ ಹೆಗಲ ಮೇಲಿನ ಚೀಲವನ್ನು, ಎಡಗೈ ಮಣಿಕಟ್ಟಿನವರೆಗೆ ಹತ್ತಿದ್ದ ಕುಂಕುಮವನ್ನು ನೋಡಿದರು.

"ಕೋಲು ಯಾವ ಕೈಯಲ್ಲಾದ್ರೂ ಹಿಡ್ಕೊ," ಎಂದರು. "ಬಲಗಾಲಿಟ್ಟು ಒಳಗೆ ಬಾ."